ಟೆರೇಸ್ ಮೇಲೆ ಸರ್ಕಾರಿ ವೈ-ಫೈ, ತಿಂಗಳಿಗೆ ಬಾಡಿಗೆ: ಈ ಮೆಸೇಜ್ ನಿಜವೇ? ಊರಿಗೆಲ್ಲ ವೈ-ಫೈ ಕೊಡುವವರು ಯಾರು, ಬಳಸುವವರು ಯಾರು?

ನಿಮ್ಮ ಮನೆಯ ಟೆರೇಸ್ ಮೇಲೆ ಅಥವಾ ಖಾಲಿ ಜಾಗದಲ್ಲಿ ‘ಪಿಎಂ-ವಾಣಿ’ ಯೋಜನೆಯ ವೈ-ಫೈ ಪ್ಯಾನೆಲ್ ಹಾಕುತ್ತಾರಂತೆ. ತಿಂಗಳು ತಿಂಗಳು ಸಾವಿರಾರು ರೂಪಾಯಿ ಬಾಡಿಗೆ ಬರುತ್ತದಂತೆ, ಜೊತೆಗೆ ಒಂದು ಕೆಲಸವೂ ಸಿಗುತ್ತದಂತೆ. ಅದಕ್ಕೆ ನೀವು ಕಟ್ಟಬೇಕಾದ ಅರ್ಜಿ ಶುಲ್ಕ 650 ರೂಪಾಯಿ ಮಾತ್ರವಂತೆ. ದೂರಸಂಪರ್ಕ ಇಲಾಖೆಯ ಮೊಹರು, ಸಹಿ ಇರುವ ‘ಅನುಮೋದನೆ ಪತ್ರ’ವೂ ಮೆಸೇಜ್ ಜೊತೆಗೇ ಇರುತ್ತದೆ. ಇಂಥದ್ದೊಂದು ಫಾರ್ವರ್ಡ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು.

ಈ ಪತ್ರ ನಕಲಿ. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಇದನ್ನು ಸುಳ್ಳು ಎಂದು ಹೇಳಿದೆ. ಆದರೆ ‘ಪಿಎಂ-ವಾಣಿ’ ಎಂಬ ಯೋಜನೆ ಇರುವುದು ನಿಜ. ಜನ ಮೋಸ ಹೋಗುವುದೂ ಇದೇ ಕಾರಣಕ್ಕೆ. ನಿಜವಾದ ಹೆಸರಿಗೆ ಸುಳ್ಳಿನ ಬಾಲ ಕಟ್ಟಿದರೆ ಯಾರಿಗೂ ಬೇಗ ಅನುಮಾನ ಬರುವುದಿಲ್ಲ.

ಹಾಗಾದರೆ ನಿಜವಾದ ಯೋಜನೆ ಏನು? ಊರಿಗೆಲ್ಲ ವೈ-ಫೈ ಹಾಕುವ ಕಂಪನಿಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ? ಫ್ರೀ ವೈ-ಫೈ ಬಳಸಿದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ? ಕಾರವಾರದ ಬೈತಖೋಲ ಬಂದರನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದಾಗಿ ನೋಡೋಣ.

ಒಂದು ರೌಟರ್ ಎಷ್ಟು ದೂರ ಮುಟ್ಟುತ್ತದೆ?

ವೈ-ಫೈ ಎಂದರೆ ರೇಡಿಯೊ ತರಂಗ. ಆಕಾಶವಾಣಿ, ಮೊಬೈಲ್, ಬೋಟಿನ ವೈರ್‌ಲೆಸ್ ಸೆಟ್ ಎಲ್ಲವೂ ಇದೇ ಜಾತಿಗೆ ಸೇರಿದವು. ವ್ಯತ್ಯಾಸ ಇರುವುದು ಶಕ್ತಿಯಲ್ಲಿ ಮತ್ತು ಪರವಾನಗಿಯಲ್ಲಿ. ಮೊಬೈಲ್ ಕಂಪನಿಗಳು ಕೋಟಿಗಟ್ಟಲೆ ಕೊಟ್ಟು ತರಂಗಾಂತರವನ್ನು ಹರಾಜಿನಲ್ಲಿ ಕೊಳ್ಳುತ್ತವೆ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತ ಸರ್ಕಾರ 2005ರಲ್ಲಿ ಪರವಾನಗಿ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗವೂ ಹೀಗೆಯೇ ಮುಕ್ತವಾಯಿತು. ಹಾಗಾಗಿ ಯಾರು ಬೇಕಾದರೂ ರೌಟರ್ ತಂದು ಹಚ್ಚಬಹುದು. ಆದರೆ ಶಕ್ತಿಗೆ ಮಿತಿ ಇದೆ, ಆ ಮಿತಿಯೊಳಗೇ ಇರಬೇಕು.

ತೆರೆದ ಜಾಗದಲ್ಲಿ ಒಂದು ಸಾಮಾನ್ಯ ರೌಟರ್ ಸುಮಾರು 100 ಮೀಟರ್ ದೂರದವರೆಗೆ ಮುಟ್ಟುತ್ತದೆ ಎಂದುಕೊಳ್ಳೋಣ. ಲೆಕ್ಕ ಹಾಕಿದರೆ ಒಂದು ಚದರ ಕಿಲೋಮೀಟರಿಗೆ ಕಡಿಮೆ ಎಂದರೂ 32 ರೌಟರ್ ಬೇಕು. ಒಂದರ ಅಂಚು ಇನ್ನೊಂದರ ಮೇಲೆ ಬೀಳಲೇಬೇಕಾದ್ದರಿಂದ ನಿಜಕ್ಕೂ ಬೇಕಾಗುವುದು ಇನ್ನೂ ಹೆಚ್ಚು. ನಡುವೆ ಕಲ್ಲಿನ ಗೋಡೆ, ತಗಡಿನ ಶೆಡ್, ಗುಡ್ಡ, ದಟ್ಟ ಮರ ಬಂದರೆ ಆ ಸಂಖ್ಯೆ ಮತ್ತಷ್ಟು ಏರುತ್ತದೆ. ಬೈತಖೋಲದಂಥ ಜಾಗದಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ಗುಡ್ಡದ ಆಚೆ ಹಾಕಿದ ರೌಟರಿನಿಂದ ಈಚೆಗೆ ಏನೂ ಬರುವುದಿಲ್ಲ.

‘ಟೆರೇಸ್ ಮೇಲೆ ಒಂದು ಪ್ಯಾನೆಲ್ ಹಾಕಿದರೆ ಇಡೀ ಊರಿಗೆ ವೈ-ಫೈ’ ಎಂಬ ಮಾತು ಸುಳ್ಳು ಎಂದು ಇಲ್ಲೇ ಗೊತ್ತಾಗುತ್ತದೆ.

ಮಳೆ ಬಂದರೆ ವೈ-ಫೈ ಹೋಗುತ್ತದೆಯೇ?

ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ಈ ಪ್ರಶ್ನೆ ಸಹಜ. ಮಳೆಹನಿಗಳು ವೈ-ಫೈ ತರಂಗವನ್ನು ತಡೆಯುವುದು ತೀರಾ ಕಡಿಮೆ. ಮಳೆಗಾಲದಲ್ಲಿ ತೊಂದರೆ ಕೊಡುವುದು ಬೇರೆ ಸಂಗತಿಗಳು. ಕರೆಂಟ್ ಹೋಗುತ್ತದೆ, ಮರ ಬಿದ್ದು ಫೈಬರ್ ಕೇಬಲ್ ತುಂಡಾಗುತ್ತದೆ, ಒದ್ದೆ ಎಲೆಗಳು ಸಿಗ್ನಲ್ ಹೀರಿಕೊಳ್ಳುತ್ತವೆ. ಸಮುದ್ರದ ಪಕ್ಕದಲ್ಲಿ ಉಪ್ಪಿನ ಗಾಳಿಗೆ ಕನೆಕ್ಟರುಗಳು ತುಕ್ಕು ಹಿಡಿಯುತ್ತವೆ. ಹಾಗಾಗಿ ಬಂದರಿನಲ್ಲಿ ಹೊರಗೆ ಹಾಕುವ ಉಪಕರಣಕ್ಕೆ ನೀರು, ಧೂಳು, ಉಪ್ಪು ತಡೆಯುವ ಪೆಟ್ಟಿಗೆ ಬೇಕು. ಮನೆಯೊಳಗಿನ ರೌಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೊರಗೆ ಕಟ್ಟಿದರೆ ಬಹಳ ದಿನ ಬಾಳುವುದಿಲ್ಲ.

ಊರಿಗೆಲ್ಲ ವೈ-ಫೈ: ಹಿಂದೆ ಏನಾಯಿತು?

ಈ ಕನಸು ಹೊಸದಲ್ಲ. 2004ರ ಹೊತ್ತಿಗೇ ವೈಫೈನೆಟ್ ಎಂಬ ಕಂಪನಿಯ ಜಾಲದಿಂದ ಮೈಸೂರು ‘ದೇಶದ ಮೊದಲ ವೈ-ಫೈ ನಗರ’ ಎಂದು ಸುದ್ದಿಯಾಗಿತ್ತು. ಆಗ ವೈ-ಫೈ ಇರುವ ಫೋನುಗಳೇ ವಿರಳ. ಲ್ಯಾಪ್‌ಟಾಪ್ ಇದ್ದವರು ಮಾತ್ರ ಗಿರಾಕಿಗಳು.

ಅಮೆರಿಕದ ಫಿಲಡೆಲ್ಫಿಯಾ ನಗರದ ಕಥೆ ಇನ್ನೂ ದೊಡ್ಡದು. ಸುಮಾರು 350 ಚದರ ಕಿಲೋಮೀಟರ್ ಊರಿಗೆ ವೈ-ಫೈ ಹೊದಿಸಲು ಅರ್ತ್‌ಲಿಂಕ್ ಎಂಬ ಇಂಟರ್ನೆಟ್ ಕಂಪನಿ ಮುಂದೆ ಬಂತು. ಬೀದಿದೀಪದ ಕಂಬಗಳಿಗೆ ಟ್ರೋಪೋಸ್ ಎಂಬ ಕಂಪನಿಯ ರೌಟರುಗಳನ್ನು ಕಟ್ಟಲಾಯಿತು. ನಗರಸಭೆ ಕಂಬ ಕೊಟ್ಟಿತು, ಖರ್ಚು ಕಂಪನಿಯದು. ತಿಂಗಳಿಗೆ ಸುಮಾರು 20 ಡಾಲರ್ ಚಂದಾ ಕಟ್ಟುವ ಜನರಿಂದ ಬಂಡವಾಳ ವಾಪಸ್ ಬರುತ್ತದೆ ಎಂಬುದು ಲೆಕ್ಕ. ಆದರೆ ಕಂಬದ ಸಿಗ್ನಲ್ ಮನೆಯ ಗೋಡೆ ದಾಟಿ ಒಳಗೆ ಸರಿಯಾಗಿ ಬರಲಿಲ್ಲ. ಚಂದಾದಾರರು ಸುಮಾರು 6,000 ದಾಟಲಿಲ್ಲ. 2008ರಲ್ಲಿ ಕಂಪನಿ ಕೈಬಿಟ್ಟಿತು.

ನಮ್ಮ ಬೆಂಗಳೂರಿನಲ್ಲಿ 2014ರ ಜನವರಿಯಲ್ಲಿ ‘ನಮ್ಮ ವೈ-ಫೈ’ ಶುರುವಾಯಿತು. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಶಾಂತಿನಗರ ಮತ್ತು ಯಶವಂತಪುರದ ಬಸ್ ನಿಲ್ದಾಣ ಮುಂತಾದ ಕೆಲವು ಜಾಗಗಳಲ್ಲಿ ಡಿ-ವಾಯ್ಸ್ ಎಂಬ ಖಾಸಗಿ ಕಂಪನಿ ಈ ಸೇವೆ ಕೊಟ್ಟಿತು. ದಿನಕ್ಕೆ 50 ಎಂಬಿ ಉಚಿತ, ವೇಗ 512 ಕೆಬಿಪಿಎಸ್. ಆ ವೇಗದಲ್ಲಿ ಪೂರ್ತಿ ಬಳಸಿದರೆ 50 ಎಂಬಿ ಹದಿಮೂರು ನಿಮಿಷದಲ್ಲಿ ಮುಗಿಯುತ್ತದೆ. ಜನ ಬಂದರು, ಬಳಸಿದರು. ಆದರೆ ಕಂಪನಿಗೆ ಆದಾಯದ ದಾರಿ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು.

2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಶುರುವಾದ ರೈಲು ನಿಲ್ದಾಣದ ವೈ-ಫೈ ಮಾತ್ರ ಚೆನ್ನಾಗಿ ನಡೆಯಿತು. ಫೈಬರ್ ಜಾಲ ರೈಲ್ವೆಯ ರೈಲ್‌ಟೆಲ್‌ನದು, ತಂತ್ರಜ್ಞಾನ ಗೂಗಲ್‌ನದು. ಎರಡೂವರೆ ವರ್ಷದಲ್ಲಿ 400 ನಿಲ್ದಾಣ ಮುಟ್ಟಿತು. ಎರ್ನಾಕುಲಂ ನಿಲ್ದಾಣದ ಒಬ್ಬ ಹಮಾಲಿ ಸಾಮಾನು ಹೊರುತ್ತಲೇ ಇದೇ ವೈ-ಫೈನಲ್ಲಿ ಪಾಠ ಕೇಳಿ 2018ರಲ್ಲಿ ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದ ಸುದ್ದಿ ನಿಮಗೆ ನೆನಪಿರಬಹುದು. ಅದು ನಿಜವಾದ ಸುದ್ದಿ.

ಆದರೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಮೊಬೈಲ್ ಡೇಟಾ ದರ ನೆಲ ಕಚ್ಚಿತು. 2020ರ ಫೆಬ್ರುವರಿಯಲ್ಲಿ ಗೂಗಲ್ ತಾನು ಹಿಂದೆ ಸರಿಯುವುದಾಗಿ ಹೇಳಿತು. ಡೇಟಾ ಈಗ ಅಗ್ಗವಾಗಿದೆ, ಮೊದಲಿನಷ್ಟು ಅಗತ್ಯವಿಲ್ಲ ಎಂಬುದು ಅದು ಕೊಟ್ಟ ಕಾರಣ. ರೈಲ್‌ಟೆಲ್ ತಾನೇ ಸೇವೆ ಮುಂದುವರಿಸಿತು. ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ದುಡ್ಡು ಎಂಬ ಪದ್ಧತಿಯನ್ನು 2021ರಲ್ಲಿ ತಂದಿತು.

ಈ ಎಲ್ಲ ಕಥೆಗಳಲ್ಲಿ ಒಂದೇ ಪಾಠ ಇದೆ. ಕೇಬಲ್, ಕರೆಂಟ್, ರಿಪೇರಿಗೆ ಯಾರಾದರೂ ದುಡ್ಡು ಕೊಡಲೇಬೇಕು. ಕೊಡುವವರು ಇಲ್ಲದ ದಿನ ‘ಫ್ರೀ ವೈ-ಫೈ’ ಬೋರ್ಡ್ ಮಾತ್ರ ಉಳಿಯುತ್ತದೆ.

ಪಿಎಂ-ವಾಣಿ ಎಂದರೆ ನಿಜವಾಗಿ ಏನು?

ಹಳೆಯ ಎಸ್‌ಟಿಡಿ ಬೂತ್ ನೆನಪಿದೆಯೇ? ಹಳದಿ ಬೋರ್ಡು, ಗಾಜಿನ ಗೂಡು, ಟಿಕ್ ಟಿಕ್ ಎಂದು ಓಡುವ ಮೀಟರ್. ಮನೆಯಲ್ಲಿ ಫೋನ್ ಇಲ್ಲದವರು ಅಂಗಡಿಗೆ ಹೋಗಿ ಮಾತಾಡಿ ದುಡ್ಡು ಕೊಡುತ್ತಿದ್ದರು. ಪಿಎಂ-ವಾಣಿ ಅದೇ ಲೆಕ್ಕಾಚಾರದ್ದು. ಫೋನ್ ಬದಲು ವೈ-ಫೈ, ಅಷ್ಟೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರಲ್ಲಿ ಇದನ್ನು ಶಿಫಾರಸು ಮಾಡಿತು. ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್ 9ರಂದು ಒಪ್ಪಿಗೆ ಕೊಟ್ಟಿತು.

ಇದರಲ್ಲಿ ನಾಲ್ಕು ಪಾತ್ರಗಳಿವೆ:

1. ಅಂಗಡಿಯವರು. ಇವರಿಗೆ ಪಿಡಿಒ ಎನ್ನುತ್ತಾರೆ. ಚಹಾ ಅಂಗಡಿ, ಕಿರಾಣಿ ಅಂಗಡಿ, ಖಾನಾವಳಿ ಯಾವುದಾದರೂ ಆಗಬಹುದು. ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆದು, ಈ ಯೋಜನೆಗೆ ಹೊಂದುವ ರೌಟರ್ ಹಾಕಿ ಗಿರಾಕಿಗಳಿಗೆ ವೈ-ಫೈ ಮಾರುತ್ತಾರೆ.

2. ಹಲವು ಅಂಗಡಿಗಳನ್ನು ಒಟ್ಟು ಸೇರಿಸುವ ಕಂಪನಿ. ಇದು ಪಿಡಿಒಎ. ಯಾರು ಲಾಗಿನ್ ಆದರು, ಎಷ್ಟು ಬಳಸಿದರು ಎಂಬ ಲೆಕ್ಕ ಇದರದು.

3. ಆ್ಯಪ್ ಕೊಡುವ ಕಂಪನಿ. ಬಳಕೆದಾರರು ಆ್ಯಪ್‌ನಲ್ಲಿ ಒಮ್ಮೆ ನೋಂದಣಿ ಮಾಡಿಕೊಂಡರೆ ಹತ್ತಿರದ ಹಾಟ್‌ಸ್ಪಾಟ್ ತೋರಿಸುತ್ತದೆ.

4. ಕೇಂದ್ರ ದಾಖಲೆ. ಯಾವ ಕಂಪನಿ, ಯಾವ ಆ್ಯಪ್, ಯಾವ ಹಾಟ್‌ಸ್ಪಾಟ್ ಅಸಲಿ ಎಂಬ ಪಟ್ಟಿ. ಇದನ್ನು ಸರ್ಕಾರಿ ಸಂಸ್ಥೆ ಸಿ-ಡಾಟ್ ನೋಡಿಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ ಮಾತು ಇದು. ಅಂಗಡಿಯವರಿಗೆ ಲೈಸೆನ್ಸ್ ಬೇಡ, ಸರ್ಕಾರದಲ್ಲಿ ನೋಂದಣಿ ಬೇಡ, ಸರ್ಕಾರಕ್ಕೆ ಶುಲ್ಕವೂ ಇಲ್ಲ. ಕಂಪನಿಗಳಿಗೆ ನೋಂದಣಿ ಇದೆ, ಅದೂ ಶುಲ್ಕವಿಲ್ಲದೆ. ಅಂದಮೇಲೆ ಆ 650 ರೂಪಾಯಿ ಯಾವ ಲೆಕ್ಕಕ್ಕೆ?

ಇನ್ನೊಂದು ಮಾತು: ಈ ಯೋಜನೆಯಲ್ಲಿ ಯಾರೂ ನಿಮಗೆ ಬಾಡಿಗೆ ಕೊಡುವುದಿಲ್ಲ. ಗಿರಾಕಿ ಬಳಸಿದರೆ ಅದರಲ್ಲಿ ನಿಮ್ಮ ಪಾಲು ಬರುತ್ತದೆ, ಬಳಸದಿದ್ದರೆ ಏನೂ ಇಲ್ಲ. ಅಂದರೆ ಇದೊಂದು ಸಣ್ಣ ವ್ಯಾಪಾರ. ಸುಮ್ಮನೆ ಕೂತರೂ ಬರುವ ಪಿಂಚಣಿಯಲ್ಲ.

ಬೈತಖೋಲದ ಚಹಾ ಅಂಗಡಿಗೆ ಇದು ಲಾಭವೇ?

ಲೆಕ್ಕ ಹಾಕೋಣ. ಬಂದರಿನ ಪಕ್ಕದ ಒಂದು ಚಹಾ ಅಂಗಡಿ ಎಂದುಕೊಳ್ಳಿ. ತಿಂಗಳ ಬ್ರಾಡ್‌ಬ್ಯಾಂಡ್‌ಗೆ 600 ರೂಪಾಯಿ ಖರ್ಚು. ಒಬ್ಬ ಗಿರಾಕಿ ದಿನಕ್ಕೆ 5 ರೂಪಾಯಿ ಕೂಪನ್ ಕೊಂಡರೆ, ಕಂಪನಿಯ ಪಾಲು ಕಳೆಯುವ ಮೊದಲೇ ಬರೀ ಖರ್ಚು ಹುಟ್ಟಲು ತಿಂಗಳಿಗೆ 120 ಕೂಪನ್ ಹೋಗಬೇಕು. ಅಂದರೆ ದಿನಕ್ಕೆ ನಾಲ್ಕು. ರೌಟರ್ ಬೆಲೆ ಬೇರೆ.

ಗಿರಾಕಿಗಳು ಯಾರು? ಬೋಟ್ ದಡಕ್ಕೆ ಬಂದಾಗ ಹೊರರಾಜ್ಯದ ಖಲಾಸಿಗಳು ಮನೆಗೆ ವಿಡಿಯೊ ಕಾಲ್ ಮಾಡುತ್ತಾರೆ. ಮೀನು ಕೊಳ್ಳಲು ಬಂದವರು, ಲಾರಿ ಚಾಲಕರು, ಡೇಟಾ ಮುಗಿದ ಕಾಲೇಜು ಹುಡುಗರು ಇರುತ್ತಾರೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ 61 ದಿನ ಬಂದರು ಖಾಲಿ. ಬ್ರಾಡ್‌ಬ್ಯಾಂಡ್ ಬಿಲ್ ಮಾತ್ರ ಬರುತ್ತಲೇ ಇರುತ್ತದೆ. ದಿನಕ್ಕೆ ಎರಡು ಜಿಬಿ ಡೇಟಾ ಪ್ಯಾಕ್ ಇರುವವರು ಕೂಪನ್ ಕೊಳ್ಳುವುದಿಲ್ಲ ಎಂಬುದೂ ಸತ್ಯ.

ಅಂಗಡಿಯವರಿಗೆ ಮೊದಲು ಇದ್ದ ದೊಡ್ಡ ಅಡ್ಡಿ ಇಂಟರ್ನೆಟ್ ಬೆಲೆ. ಕೆಲವು ಕಂಪನಿಗಳು ಪಿಡಿಒಗಳಿಗೆ ದುಬಾರಿ ಲೀಸ್ಡ್ ಲೈನ್ ತೆಗೆದುಕೊಳ್ಳಿ ಎನ್ನುತ್ತಿದ್ದವು. 2025ರ ಜೂನ್‌ನಲ್ಲಿ ಟ್ರಾಯ್ ಇದಕ್ಕೆ ಮಿತಿ ಹಾಕಿತು. 200 ಎಂಬಿಪಿಎಸ್‌ವರೆಗಿನ ಮನೆ ಬ್ರಾಡ್‌ಬ್ಯಾಂಡ್ ಪ್ಲಾನುಗಳನ್ನೆಲ್ಲ ಪಿಡಿಒಗಳಿಗೂ ಕೊಡಬೇಕು, ದರ ಮನೆಯವರಿಗೆ ಹಾಕುವುದರ ಎರಡು ಪಟ್ಟು ಮೀರಬಾರದು ಎಂದಿತು. ಹಾಗಿದ್ದರೂ ದೇಶದ ಗುರಿ ಬಹಳ ದೂರ ಇದೆ. 2018ರ ರಾಷ್ಟ್ರೀಯ ನೀತಿಯ ಪ್ರಕಾರ 2022ರೊಳಗೆ ಒಂದು ಕೋಟಿ ಸಾರ್ವಜನಿಕ ಹಾಟ್‌ಸ್ಪಾಟ್ ಆಗಬೇಕಿತ್ತು. 2025ರಲ್ಲೂ ಪಿಎಂ-ವಾಣಿ ಲೆಕ್ಕ ಲಕ್ಷಗಳಲ್ಲೇ ಇತ್ತು.

ಮೊಬೈಲ್ ಸಿಗ್ನಲ್ ಸರಿಯಿಲ್ಲದ, ಆದರೆ ಫೈಬರ್ ತಲುಪಿರುವ ಊರುಗಳಲ್ಲಿ ಮಾತ್ರ ಇದರ ಉಪಯೋಗ ಹೆಚ್ಚು. ಘಟ್ಟದ ಕಡೆಯ ಹಳ್ಳಿಗಳಲ್ಲಿ 2020ರ ಆನ್‌ಲೈನ್ ಪಾಠದ ದಿನಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ಉತ್ತರ ಕನ್ನಡದವರು ಮರೆತಿಲ್ಲ. ಅಂಥ ಊರಿನ ಒಂದು ಅಂಗಡಿಯಲ್ಲಿ ಐದು ರೂಪಾಯಿಗೆ ವೈ-ಫೈ ಸಿಗುವುದು ಸಣ್ಣ ಮಾತಲ್ಲ.

ಸಮುದ್ರದಲ್ಲೂ ಬಂದರಿನ ವೈ-ಫೈ ಸಿಗುತ್ತದೆಯೇ?

ಇಲ್ಲ. ಜೆಟ್ಟಿಗೆ ಕಟ್ಟಿದ ಬೋಟಿಗೆ ಸಿಗಬಹುದು. ಬಂದರು ಬಿಟ್ಟು ಸ್ವಲ್ಪ ದೂರ ಹೋದರೆ ಮುಗಿಯಿತು. ಇನ್ನೂ ದೂರ ಹೋದರೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ. ‘ಈ ಆ್ಯಪ್ ಹಾಕಿಕೊಂಡರೆ ಸಮುದ್ರದಲ್ಲೂ ಫ್ರೀ ವೈ-ಫೈ’ ಎಂಬ ಮೆಸೇಜ್ ಬಂದರೆ ನಂಬಬೇಡಿ. ಇದನ್ನು ನಂಬಿದರೆ ದುಡ್ಡಷ್ಟೇ ಅಲ್ಲ, ಜೀವಕ್ಕೂ ಅಪಾಯ.

ಕಡಲಿನಲ್ಲಿ ಕೆಲಸಕ್ಕೆ ಬರುವುದು ಬೋಟಿನ ವಿಎಚ್‌ಎಫ್ ವೈರ್‌ಲೆಸ್ ಸೆಟ್ ಮತ್ತು ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್. ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು. ಇದು ಉಪಗ್ರಹದ ಮೂಲಕ ಕೆಲಸ ಮಾಡುತ್ತದೆ. ಚಂಡಮಾರುತದ ಎಚ್ಚರಿಕೆ ಬೋಟಿಗೆ ಬರುತ್ತದೆ, ಆಪತ್ತಿನ ಸಂದೇಶ ದಡಕ್ಕೆ ಹೋಗುತ್ತದೆ. ಇದರಲ್ಲಿ ರೀಲ್ಸ್ ನೋಡಲು ಆಗುವುದಿಲ್ಲ. ಬಂದರಿನ ವೈ-ಫೈ ಉಪಯೋಗ ಹೊರಡುವ ಮೊದಲು: ಹವಾಮಾನ ಮುನ್ಸೂಚನೆ, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಮೀನು ಸಿಗುವ ಜಾಗದ ಮಾಹಿತಿ ಇವನ್ನು ತಾಂಡೇಲರು ದಡದಲ್ಲೇ ನೋಡಿಕೊಂಡು ಹೊರಡಬಹುದು.

ಒಟಿಪಿ ಯಾಕೆ ಕೇಳುತ್ತಾರೆ?

2008ರ ಸರಣಿ ಸ್ಫೋಟಗಳ ಸಮಯದಲ್ಲಿ ಬೇರೆಯವರ ಪಾಸ್‌ವರ್ಡ್ ಇಲ್ಲದ ವೈ-ಫೈ ಬಳಸಿ ಭಯೋತ್ಪಾದಕರು ಇಮೇಲ್ ಕಳಿಸಿದ್ದರು. ಪೊಲೀಸರು ಮೊದಲು ಹೋಗಿದ್ದು ಆ ವೈ-ಫೈ ಇದ್ದ ಮನೆಗೆ. 2009ರಲ್ಲಿ ದೂರಸಂಪರ್ಕ ಇಲಾಖೆ ಸಾರ್ವಜನಿಕ ವೈ-ಫೈ ಬಳಸುವವರ ಗುರುತು ದಾಖಲಾಗಬೇಕು ಎಂದು ನಿಯಮ ಮಾಡಿತು. ನಿಮ್ಮ ಮೊಬೈಲಿಗೆ ಒಟಿಪಿ ಬರುವುದು ಇದಕ್ಕೇ.

ಇದರಲ್ಲಿ ಅಂಗಡಿಯವರಿಗೂ ಪಾಠ ಇದೆ. ನಿಮ್ಮ ಸ್ವಂತ ವೈ-ಫೈ ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆದು ಹಚ್ಚಬೇಡಿ. ಅದರಿಂದ ಯಾರಾದರೂ ತಪ್ಪು ಕೆಲಸ ಮಾಡಿದರೆ ಮೊದಲು ಪ್ರಶ್ನೆ ಬರುವುದು ನಿಮಗೇ.

ಫ್ರೀ ವೈ-ಫೈಗೆ ಸೇರಿದ ಕೂಡಲೇ ಖಾತೆ ಖಾಲಿಯಾಗುತ್ತದೆಯೇ?

ಬರೀ ವೈ-ಫೈಗೆ ಸೇರಿದ ಮಾತ್ರಕ್ಕೆ ಖಾತೆಯಿಂದ ದುಡ್ಡು ಹೋಗುವುದಿಲ್ಲ. ಬ್ಯಾಂಕ್, ಯುಪಿಐ ಆ್ಯಪ್‌ಗಳು ಕಳಿಸುವ ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತದೆ. ನಡುವೆ ಕೂತವರಿಗೆ ಅದು ಅರ್ಥವಾಗುವುದಿಲ್ಲ. ದುಡ್ಡು ಹೋಗುವುದು ನಾವೇ ಮೋಸಗಾರರಿಗೆ ಬಾಗಿಲು ತೆರೆದಾಗ. ಅಸಲಿ ಹೆಸರನ್ನೇ ಇಟ್ಟುಕೊಂಡ ನಕಲಿ ಹಾಟ್‌ಸ್ಪಾಟ್ ಹಾಕುತ್ತಾರೆ. ಅದಕ್ಕೆ ಸೇರಿದರೆ ಒಂದು ಪುಟ ತೆರೆದುಕೊಂಡು ಕಾರ್ಡ್ ನಂಬರ್, ಆಧಾರ್, ಪಿನ್ ಕೇಳುತ್ತದೆ, ಇಲ್ಲವೇ ಒಂದು ಎಪಿಕೆ ಫೈಲ್ ಹಾಕಿಕೊಳ್ಳಿ ಎನ್ನುತ್ತದೆ. ಅಲ್ಲಿ ಮೋಸ ಶುರು.

ವೈ-ಫೈ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆಯೇ?

ವೈ-ಫೈ ತರಂಗಕ್ಕೆ ಎಕ್ಸ್-ರೇ ಹಾಗೆ ಜೀವಕೋಶದ ಡಿಎನ್‌ಎ ಮುರಿಯುವ ಶಕ್ತಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ನಿಜ. ಪುರಾವೆ ಸೀಮಿತ, ಇನ್ನೂ ಅಧ್ಯಯನ ಬೇಕು ಎಂಬುದು ಅದರ ಅರ್ಥ. ವೈ-ಫೈಯಂಥ ದುರ್ಬಲ ಸಿಗ್ನಲ್‌ಗಳಿಂದ ಆರೋಗ್ಯಕ್ಕೆ ಹಾನಿ ಎನ್ನಲು ಖಚಿತ ಪುರಾವೆ ಸಿಕ್ಕಿಲ್ಲ. ಚಹಾ ಅಂಗಡಿಯ ರೌಟರಿಗಿಂತ ಕಿವಿಗೆ ಒತ್ತಿ ಹಿಡಿಯುವ ಮೊಬೈಲಿನಿಂದಲೇ ನಮ್ಮ ಮೈಗೆ ತಾಗುವ ತರಂಗ ಹೆಚ್ಚು.

ಏನು ಮಾಡಬೇಕು, ಏನು ಮಾಡಬಾರದು?

- ಬಾಡಿಗೆ, ಕೆಲಸ, ಟವರ್, ಪ್ಯಾನೆಲ್ ಎಂದು ಮುಂಗಡ ದುಡ್ಡು ಕೇಳಿದರೆ ಕೊಡಬೇಡಿ. 650 ಕೊಟ್ಟವರ ಹತ್ತಿರ ಆಮೇಲೆ ಜಿಎಸ್‌ಟಿ, ವಿಮೆ, ಒಪ್ಪಂದ ಪತ್ರದ ಶುಲ್ಕ ಎಂದು ಸಾವಿರಗಟ್ಟಲೆ ಕೇಳಬಹುದು.
- ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದಲೇ ಪಡೆಯಿರಿ.
- ಸಾರ್ವಜನಿಕ ವೈ-ಫೈಗೆ ಸೇರುವ ಮೊದಲು ಅಂಗಡಿಯವರ ಹತ್ತಿರ ಸರಿಯಾದ ಹೆಸರು ಕೇಳಿ.
- ಲಾಗಿನ್‌ಗೆ ಮೊಬೈಲ್ ನಂಬರ್, ಒಟಿಪಿ ಸಾಕು. ಎಟಿಎಂ ಪಿನ್, ಯುಪಿಐ ಪಿನ್ ಕೇಳಿದರೆ ಅದು ಮೋಸ. ದುಡ್ಡು ಪಡೆಯಲು ಪಿನ್ ಒತ್ತಬೇಕಾಗಿಲ್ಲ.
- ಬಳಸಿ ಆದ ಮೇಲೆ ವೈ-ಫೈ ಆಫ್ ಮಾಡಿ. ತಾನಾಗಿ ಸೇರಿಕೊಳ್ಳುವ ಆಯ್ಕೆಯನ್ನೂ ತೆಗೆದಿಡಿ.
- ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.
- ಅನುಮಾನದ ಕರೆ, ಮೆಸೇಜ್ ಬಂದರೆ ಸಂಚಾರ್ ಸಾಥಿ ಪೋರ್ಟಲಿನ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು.

ಕೊನೆಯ ಮಾತು

ಪಿಎಂ-ವಾಣಿ ಇರುವುದು ಸತ್ಯ, ಟೆರೇಸಿಗೆ ಬಾಡಿಗೆ ಬರುತ್ತದೆ ಎಂಬುದು ಸುಳ್ಳು. ವೈ-ಫೈ ಮಾರಲು ಸರ್ಕಾರಕ್ಕೆ ದುಡ್ಡು ಕಟ್ಟಬೇಕಾಗಿಲ್ಲ. ಮುಂದಿನ ಸಲ ‘ಊರಿಗೆಲ್ಲ ಫ್ರೀ ವೈ-ಫೈ’ ಎಂಬ ಮೆಸೇಜ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಇದರ ಖರ್ಚು ಯಾರು ಕೊಡುತ್ತಿದ್ದಾರೆ? ಉತ್ತರ ಸ್ಪಷ್ಟವಾಗಿದ್ದರೆ ಬಳಸಿ. ಮೊದಲು ದುಡ್ಡು ಕೊಡಬೇಕಾದವರು ನೀವೇ ಎಂದಾದರೆ ಅಲ್ಲಿಗೇ ಅಳಿಸಿಬಿಡಿ.

ಆ 650 ರೂಪಾಯಿಯ ಪತ್ರವನ್ನು ಈಗಾಗಲೇ ಯಾರಿಗಾದರೂ ಕಳಿಸಿದ್ದರೆ, ಅದೇ ಗುಂಪಿಗೆ ‘ಅದು ಸುಳ್ಳು, ದುಡ್ಡು ಹಾಕಬೇಡಿ’ ಎಂದೂ ಬರೆಯಿರಿ. ತಪ್ಪು ಕಳಿಸಿದ್ದಕ್ಕೆ ಯಾರೂ ಬೈಯುವುದಿಲ್ಲ. ಗುಂಪಿನಲ್ಲಿ ಒಬ್ಬರ ದುಡ್ಡು ಉಳಿದರೂ ಸಾಕು.